ಕೊಡಗಿನಲ್ಲೇ ಕೂತು ನೆಟ್‌ವರ್ಕ್ ಸೆಕ್ಯುರಿಟಿ ಪರೀಕ್ಷೆಗೆ ತಯಾರಿ

ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳಾಗಲಿ, ಡಿಗ್ರಿ ಮುಗಿಸಿ ಊರಿಗೆ ಬಂದು ತೋಟದ ಕೆಲಸದ ನಡುವೆ ಓದುತ್ತಿರುವವರಾಗಲಿ, ಮೊದಲು ಕೇಳುವುದು ‘ಯಾವ ಸರ್ಟಿಫಿಕೇಷನ್ ಮಾಡಿದರೆ ಒಳ್ಳೆಯದು?’ ಎಂದು. ಅದಕ್ಕಿಂತ ಮುಂಚೆ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಒಂದು ಲ್ಯಾಪ್‌ಟಾಪಿನಿಂದ ಹೊರಟ ಪ್ಯಾಕೆಟ್ಟು (ಮಾಹಿತಿಯ ಒಂದು ತುಣುಕು) ಸ್ವಿಚ್, ರೂಟರ್, ಫೈರ್‌ವಾಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲು) ದಾಟಿ ಸರ್ವರ್ ಮುಟ್ಟಿ ವಾಪಸ್ ಬರುವ ತನಕ ಅದರ ವಿಳಾಸ ಎಲ್ಲಿ ಬದಲಾಗುತ್ತದೆ, ಯಾರು ಎಲ್ಲಿ ತಡೆಯಬಹುದು, ತಡೆದದ್ದು ಯಾವ ಲಾಗಿನಲ್ಲಿ (ದಾಖಲೆಯಲ್ಲಿ) ಕಾಣುತ್ತದೆ? ಇಷ್ಟನ್ನು ಒಂದು ಹಾಳೆಯ ಮೇಲೆ ಚಿತ್ರ ಬರೆದು ಹೇಳಲು ಬಂದರೆ ಅರ್ಧ ಸಿಲಬಸ್ ಮುಗಿದ ಹಾಗೆ. ಬಾರದಿದ್ದರೆ ಪೋರ್ಟ್ ನಂಬರು (ಒಂದು ಯಂತ್ರದ ಪ್ರತಿ ಸೇವೆಗೂ ಇರುವ ಬಾಗಿಲಿನ ಸಂಖ್ಯೆ) ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಈಗಿನ ಪರೀಕ್ಷೆಗಳು ನಂಬರು ಕೇಳುವುದಕ್ಕಿಂತ ಹೆಚ್ಚಾಗಿ ಒಂದು ಸನ್ನಿವೇಶ ಕೊಟ್ಟು ‘ಈಗ ಏನು ಮಾಡುತ್ತೀರಿ?’ ಎಂದು ಕೇಳುತ್ತವೆ.

ಇನ್ನು ಯಾವ ಪರೀಕ್ಷೆ ಎಂಬುದು. ನೆಟ್‌ವರ್ಕಿನ ತಳಪಾಯ ಇಲ್ಲದವರು ನೆಟ್‌ವರ್ಕ್ ಸಾಧನಗಳ ಕಂಪನಿ ಸಿಸ್ಕೊದ ಸಿಸಿಎನ್‌ಎ (ಪರೀಕ್ಷೆಯ ಸಂಖ್ಯೆ 200-301) ಮೊದಲು ಮಾಡುವುದು ಒಳ್ಳೆಯದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 120 ನಿಮಿಷದ ಆ ಪರೀಕ್ಷೆಯಲ್ಲಿ ಸೆಕ್ಯುರಿಟಿಗೆ ಮೀಸಲಾದ ಭಾಗ 15% ಮಾತ್ರ, ಆದರೆ ಉಳಿದದ್ದೇ ಸೆಕ್ಯುರಿಟಿಯ ಬುಡ. ಅದು ಬಂದವರಿಗೆ, ಅಥವಾ ಕಾಲೇಜಿನಲ್ಲಿ ನೆಟ್‌ವರ್ಕ್ ಚೆನ್ನಾಗಿ ಓದಿದವರಿಗೆ, ಕಾಂಪ್‌ಟಿಯಾ ಎಂಬ ಪರೀಕ್ಷಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಸರಿಯಾದ ಮೆಟ್ಟಿಲು. 2023ರ ನವೆಂಬರಿನಲ್ಲಿ ಬಂದ ಎಸ್‌ವೈ0-701 ಆವೃತ್ತಿಯಲ್ಲಿ ಗರಿಷ್ಠ 90 ಪ್ರಶ್ನೆ, 90 ನಿಮಿಷ. 100ರಿಂದ 900ರ ಅಳತೆಯಲ್ಲಿ 750 ಬಂದರೆ ಪಾಸು. ಕಾಂಪ್‌ಟಿಯಾ ಸುಮಾರು ಮೂರು ವರ್ಷಕ್ಕೊಮ್ಮೆ ಆವೃತ್ತಿ ಬದಲಿಸುತ್ತದೆ, ಹಾಗಾಗಿ ಪುಸ್ತಕ ಕೊಳ್ಳುವ ಮುನ್ನ ಯಾವುದು ಚಾಲ್ತಿಯಲ್ಲಿದೆ ನೋಡಿಕೊಳ್ಳಿ. ಸಿಐಎಸ್‌ಎಸ್‌ಪಿ ಎಂಬ ಮೇಲಿನ ಹಂತದ ಸರ್ಟಿಫಿಕೇಷನ್ ಹೊಸಬರಿಗಲ್ಲ: ಅದಕ್ಕೆ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ ಐದು ವರ್ಷದ ಕೆಲಸದ ಅನುಭವ ಬೇಕು.

ಸೆಕ್ಯುರಿಟಿ ಪ್ಲಸ್ಸಿನ ಅಂಕ ಹಂಚಿಕೆ ನೋಡಿದರೆ ಎಲ್ಲಿ ಸಮಯ ಹಾಕಬೇಕೆಂದು ತಿಳಿಯುತ್ತದೆ. ಸೆಕ್ಯುರಿಟಿ ಆಪರೇಷನ್ಸ್ (ದಿನನಿತ್ಯದ ಭದ್ರತಾ ಕೆಲಸ) 28%, ಅಪಾಯ ಮತ್ತು ದೌರ್ಬಲ್ಯಗಳು 22%, ಆಡಳಿತ ಮತ್ತು ನೀತಿ 20%, ಆರ್ಕಿಟೆಕ್ಚರ್ 18%, ಸಾಮಾನ್ಯ ಪರಿಕಲ್ಪನೆ 12%. ಹೆಚ್ಚಿನವರು ಮೊದಲ ಅಧ್ಯಾಯವೆಂದು ಆ 12%ಕ್ಕೇ ಎರಡು ವಾರ ಕೊಟ್ಟು, ಕೊನೆಗೆ ಆಪರೇಷನ್ಸ್ ಅನ್ನು ಅವಸರದಲ್ಲಿ ಓಡಿಸುತ್ತಾರೆ. ಪರೀಕ್ಷೆಯ ಆಬ್ಜೆಕ್ಟಿವ್ಸ್ (ಏನೇನು ಕೇಳುತ್ತಾರೆಂಬ ಪಟ್ಟಿ) ಪಿಡಿಎಫ್ ಕಾಂಪ್‌ಟಿಯಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆಸಿ, ಪ್ರತಿ ಸಾಲಿನ ಎದುರು ‘ಕೈಯಾರೆ ಮಾಡಿದ್ದೇನೆ’, ‘ಓದಿದ್ದೇನೆ’, ‘ಗೊತ್ತಿಲ್ಲ’ ಎಂದು ಗುರುತು ಹಾಕಿ. ಯಾವ ಕೋಚಿಂಗಿನ ವೇಳಾಪಟ್ಟಿಗಿಂತಲೂ ಇದು ನಂಬಬಹುದಾದ ದಾರಿ.

ಲ್ಯಾಬ್ ಇಲ್ಲದೆ ತಯಾರಿ ಇಲ್ಲ. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಒಮ್ಮೆ ಡೌನ್‌ಲೋಡ್ ಆದ ಮೇಲೆ ಇಂಟರ್ನೆಟ್ಟೂ ಬೇಕಾಗಿಲ್ಲ. 8 ಜಿಬಿ ರ‍್ಯಾಮ್, 60 ಜಿಬಿ ಖಾಲಿ ಜಾಗ ಇರುವ ಲ್ಯಾಪ್‌ಟಾಪು ಸಾಕು. 16 ಜಿಬಿ ಇದ್ದರೆ ಆರಾಮ. ಒಂದೇ ಲ್ಯಾಪ್‌ಟಾಪಿನೊಳಗೆ ಹಲವು ಕಂಪ್ಯೂಟರುಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ. ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಸೆಟ್ಟಿಂಗ್ ಪರದೆಯಲ್ಲಿ) ವರ್ಚುವಲೈಸೇಷನ್ ಆನ್ ಆಗಿರಬೇಕು, ಇಲ್ಲದಿದ್ದರೆ ಯಂತ್ರಗಳು ಶುರುವಾಗುವುದೇ ಇಲ್ಲ. ವಿಂಡೋಸ್‌ನಲ್ಲಿ ಎಲ್ಲವೂ ಆಮೆವೇಗದಲ್ಲಿ ನಡೆಯುತ್ತಿದ್ದು ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಹಸಿರು ಆಮೆಯ ಚಿತ್ರ ಕಂಡರೆ, ಹಿಂದೆ ವಿಂಡೋಸಿನದ್ದೇ ವರ್ಚುವಲ್ ಯಂತ್ರಗಳ ವ್ಯವಸ್ಥೆ ಹೈಪರ್-ವಿ ಓಡುತ್ತಿದೆ ಎಂದರ್ಥ. ಹೈಪರ್-ವಿ, ಕೋರ್ ಐಸೊಲೇಷನ್ನಿನ ಮೆಮೊರಿ ಇಂಟೆಗ್ರಿಟಿ ಎರಡನ್ನೂ ಪರಿಶೀಲಿಸಿ. ಆಫ್ ಮಾಡಿದರೆ ವಿಂಡೋಸಿನ ಒಂದು ರಕ್ಷಣೆ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ವರ್ಚುವಲ್‌ಬಾಕ್ಸಿನೊಳಗೆ ಮೂರು ಯಂತ್ರ ಬೇಕು. ಫೈರ್‌ವಾಲ್‌ಗೆ ಆಪ್ಎನ್‌ಸೆನ್ಸ್ ಎಂಬ ತಂತ್ರಾಂಶ, 2 ಜಿಬಿ ರ‍್ಯಾಮ್. ಇನ್‌ಸ್ಟಾಲ್ ಮಾಡುವಾಗ ಮಾತ್ರ 3 ಜಿಬಿ ಕೊಟ್ಟು ಆಮೇಲೆ ಇಳಿಸಿ. ಸರ್ವರಿಗೆ ಡೆಬಿಯನ್ ಲಿನಕ್ಸ್, ಡೆಸ್ಕ್‌ಟಾಪ್ ಇಲ್ಲದೆ, 1 ಜಿಬಿ. ಅದರ ಮೇಲೆ ಒಂದು ವೆಬ್ ಸರ್ವರ್ ಮತ್ತು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ). ಕ್ಲೈಂಟಿಗೆ ಹಗುರವಾದ ಡೆಸ್ಕ್‌ಟಾಪಿನ ಯಾವುದಾದರೂ ಲಿನಕ್ಸ್, 2 ಜಿಬಿ. ಅದರಲ್ಲಿ ವೈರ್‌ಶಾರ್ಕ್ (ಪ್ಯಾಕೆಟ್ಟುಗಳನ್ನು ತೋರಿಸುವುದು) ಮತ್ತು ಎನ್‌ಮ್ಯಾಪ್ (ಯಾವ ಪೋರ್ಟು ತೆರೆದಿದೆ ಎಂದು ಹುಡುಕುವುದು). 8 ಜಿಬಿ ಲ್ಯಾಪ್‌ಟಾಪಿನಲ್ಲಿ ಈ ಮೂರೂ ಓಡುವಾಗ ಹೊರಗಿನ ಬ್ರೌಸರ್ ಮುಚ್ಚಿಡಿ. ಫೈರ್‌ವಾಲಿಗೆ ಮೂರು ನೆಟ್‌ವರ್ಕ್ ಅಡಾಪ್ಟರ್: ಒಂದು ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ವಿಧಾನ), ಅದು ವ್ಯಾನ್, ಅಂದರೆ ಹೊರಗಿನ ಬದಿ. ಇನ್ನೆರಡು ಇಂಟರ್ನಲ್ ನೆಟ್‌ವರ್ಕ್, ಒಂದು ಲ್ಯಾನ್, ಅಂದರೆ ಒಳಗಿನ ಬದಿ, ಇನ್ನೊಂದು ಡಿಎಂಜೆಡ್, ಅಂದರೆ ಹೊರಗಿನವರು ಮುಟ್ಟುವ ಸರ್ವರಿಗೆಂದೇ ಬೇರೆ ಇಟ್ಟ ಭಾಗ. ಲ್ಯಾನಿಗೆ 10.10.10.0/24, ಡಿಎಂಜೆಡ್‌ಗೆ 10.10.20.0/24 ಇಟ್ಟುಕೊಳ್ಳಿ. ಕ್ಲೈಂಟ್ ಲ್ಯಾನಿನಲ್ಲಿ, ಸರ್ವರ್ ಡಿಎಂಜೆಡ್‌ನಲ್ಲಿ. ಸರ್ವರಿನ ವಿಳಾಸ 10.10.20.10.

ಮೊದಲ ತೊಡಕು ಇಲ್ಲೇ ಬರುತ್ತದೆ. ಯಾವ ಅಡಾಪ್ಟರಿಗೆ ಲ್ಯಾನ್, ಯಾವುದಕ್ಕೆ ವ್ಯಾನ್ ಎಂದು ಫೈರ್‌ವಾಲ್ ಊಹಿಸಿದ್ದು ನೀವು ಅಂದುಕೊಂಡಂತೆ ಇಲ್ಲದಿರಬಹುದು. ವರ್ಚುವಲ್‌ಬಾಕ್ಸಿನಲ್ಲಿ ಕಾಣುವ ಮ್ಯಾಕ್ ವಿಳಾಸವನ್ನೂ (ಅಡಾಪ್ಟರಿನ ಗುರುತಿನ ಸಂಖ್ಯೆ) ಫೈರ್‌ವಾಲಿನ ಕಪ್ಪು ಪರದೆಯಲ್ಲಿ ಕಾಣುವುದನ್ನೂ ಹೊಂದಿಸಿ ನೋಡಿ. ಎರಡನೆಯ ತೊಡಕು, ಆಪ್ಎನ್‌ಸೆನ್ಸ್ ಲ್ಯಾನಿಗೆ ತಾನಾಗಿ ಕೊಡುವ ವಿಳಾಸ 192.168.1.1. ನಮ್ಮ ಎಷ್ಟೋ ಮನೆಗಳ ರೂಟರಿನ ವಿಳಾಸವೂ ಅದೇ. ವ್ಯಾನನ್ನು ಬ್ರಿಜ್ ಮೋಡಿಗೆ (ಮನೆಯ ನೆಟ್‌ವರ್ಕಿಗೇ ನೇರ ಸೇರಿಸುವ ವಿಧಾನ) ಹಾಕಿದಿರೋ, ಫೈರ್‌ವಾಲಿನ ಎರಡೂ ಬದಿಯಲ್ಲಿ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) ಆಗಿ ಪ್ಯಾಕೆಟ್ಟಿಗೆ ದಾರಿಯೇ ತಿಳಿಯುವುದಿಲ್ಲ. ಅದಕ್ಕೇ ಮೊದಲೇ 10.10 ಎಂದು ಬದಲಿಸಲು ಹೇಳಿದ್ದು.

ಈಗ ನಿಜವಾದ ಪಾಠ. ಲ್ಯಾನಿಗೆ ‘ಎಲ್ಲವನ್ನೂ ಬಿಡು’ ಎಂಬ ರೂಲ್ ಮೊದಲೇ ಇರುತ್ತದೆ, ಹೊಸದಾಗಿ ಸೇರಿಸಿದ ಡಿಎಂಜೆಡ್‌ಗೆ ಯಾವ ರೂಲೂ ಇರುವುದಿಲ್ಲ. ರೂಲ್ ಇಲ್ಲವೆಂದರೆ ಬಂದ್. ಪ್ಯಾಕೆಟ್ಟು ಯಾವ ಇಂಟರ್ಫೇಸಿನಿಂದ ಒಳಗೆ ಬರುತ್ತದೋ ಅಲ್ಲಿಯ ರೂಲುಗಳೇ ಅನ್ವಯ, ಮೇಲಿನಿಂದ ಕೆಳಗೆ, ಮೊದಲು ಹೊಂದಿದ್ದೇ ಅಂತಿಮ. ಆದ್ದರಿಂದ ಡಿಎಂಜೆಡ್‌ನಿಂದ ಲ್ಯಾನಿಗೆ ತಡೆಯುವ ರೂಲು ಮೇಲೆ, ಇಂಟರ್ನೆಟ್ಟಿಗೆ ಬಿಡುವ ರೂಲು ಅದರ ಕೆಳಗೆ. ಅದಲುಬದಲಾದರೆ ತಡೆ ಕೆಲಸ ಮಾಡುವುದಿಲ್ಲ, ಎಚ್ಚರಿಕೆಯ ಒಂದು ಸಾಲೂ ಕಾಣಿಸುವುದಿಲ್ಲ. ಸರ್ವರಿನಿಂದ ಇಂಟರ್ನೆಟ್ಟಿನ 8.8.8.8ಕ್ಕೆ ಪಿಂಗ್ (ಇದ್ದೀಯಾ ಎಂದು ಕೇಳುವ ಸಂದೇಶ) ಹೋಗುತ್ತದೆ, ಆದರೆ ಅಪ್‌ಡೇಟ್ ಆಗುವುದಿಲ್ಲ ಎಂದರೆ ಪೋರ್ಟ್ 53ಕ್ಕೆ, ಅಂದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ಗೆ ದಾರಿ ಬಿಟ್ಟಿಲ್ಲ.

ಇನ್ನೊಂದು ಪ್ರಯೋಗವನ್ನು ಯಾರೂ ಬಿಡಬಾರದು. ಲ್ಯಾನಿನಿಂದ ಸರ್ವರಿಗೆ ಪಿಂಗ್ ಓಡುತ್ತಿರುವಾಗಲೇ ಅದನ್ನು ತಡೆಯುವ ರೂಲು ಹಾಕಿ ಅಪ್ಲೈ ಮಾಡಿ. ಪಿಂಗ್ ನಿಲ್ಲುವುದಿಲ್ಲ. ರೂಲು ತಪ್ಪಾಗಿದೆ ಎಂದುಕೊಂಡು ಹುಡುಕುತ್ತಾ ಕೂರಬೇಡಿ. ಸ್ಟೇಟ್‌ಫುಲ್ ಫೈರ್‌ವಾಲ್ ರೂಲನ್ನು ನೋಡುವುದು ಸಂಪರ್ಕ ಶುರುವಾಗುವಾಗ. ಒಮ್ಮೆ ಸ್ಟೇಟ್ ಟೇಬಲಿನಲ್ಲಿ ದಾಖಲಾದ ಸಂಪರ್ಕ ಅದು ಮುಗಿಯುವ ತನಕ ಓಡುತ್ತದೆ. ಸ್ಟೇಟ್ ರೀಸೆಟ್ ಮಾಡಿದ ಕ್ಷಣ ಪಿಂಗ್ ನಿಲ್ಲುತ್ತದೆ. ಸ್ಟೇಟ್‌ಫುಲ್ ಮತ್ತು ಸ್ಟೇಟ್‌ಲೆಸ್ (ಪ್ರತಿ ಪ್ಯಾಕೆಟ್ಟನ್ನೂ ಬೇರೆ ಬೇರೆಯಾಗಿ ನೋಡುವುದು) ವ್ಯತ್ಯಾಸದ ಬಗ್ಗೆ ಎಷ್ಟು ಪುಟ ಓದಿದರೂ ಈ ಐದು ನಿಮಿಷದಷ್ಟು ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಇದು ಬೇಕು: ದಾಳಿ ನಡೆಯುತ್ತಿರುವಾಗ ಐಪಿ ವಿಳಾಸ ತಡೆದು, ಹಳೆಯ ಸ್ಟೇಟ್ ಹಾಗೇ ಬಿಟ್ಟರೆ ದಾಳಿಕೋರ ಒಳಗೇ ಇರುತ್ತಾನೆ.

ಬ್ಲಾಕ್ ಮತ್ತು ರಿಜೆಕ್ಟ್ ಬೇರೆ ಬೇರೆ ಎಂಬುದನ್ನೂ ಕಣ್ಣಾರೆ ನೋಡಿ. ಕ್ಲೈಂಟಿನಲ್ಲಿ ವೈರ್‌ಶಾರ್ಕ್ ತೆರೆದು ಸರ್ವರಿನ ಪೋರ್ಟ್ 80ಕ್ಕೆ ಎನ್‌ಮ್ಯಾಪ್ ಸಿನ್ ಸ್ಕ್ಯಾನ್ (ಸಂಪರ್ಕ ಕೇಳುವ ಮೊದಲ ಪ್ಯಾಕೆಟ್ ಕಳಿಸಿ ನೋಡುವುದು) ಓಡಿಸಿ. ಬಿಟ್ಟಿದ್ದರೆ ಸಿನ್-ಆಕ್ ಎಂಬ ಒಪ್ಪಿಗೆ ಬರುತ್ತದೆ, ಎನ್‌ಮ್ಯಾಪ್ ಓಪನ್ ಎನ್ನುತ್ತದೆ. ರಿಜೆಕ್ಟ್ ಇದ್ದರೆ ಫೈರ್‌ವಾಲೇ ಆರ್‌ಎಸ್‌ಟಿ ಎಂಬ ನಿರಾಕರಣೆ ಕಳಿಸುತ್ತದೆ, ಉತ್ತರ ಕ್ಲೋಸ್ಡ್. ಬ್ಲಾಕ್ ಇದ್ದರೆ ಏನೂ ಬರುವುದಿಲ್ಲ, ಎನ್‌ಮ್ಯಾಪ್ ಕೆಲವು ಸಲ ಕೇಳಿ ನೋಡಿ ಫಿಲ್ಟರ್ಡ್ ಎನ್ನುತ್ತದೆ. ಸ್ಕ್ಯಾನ್ ಫಲಿತಾಂಶ ಮುಂದಿಟ್ಟು ‘ಇಲ್ಲಿ ಏನಿದೆ?’ ಎಂದು ಕೇಳುವ ಪ್ರಶ್ನೆಗಳಿಗೆ ಇಷ್ಟು ಗೊತ್ತಿದ್ದರೆ ಸಾಕು.

ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಸರ್ವರಿಗೆ ತಿರುಗಿಸುವುದು) ಪರೀಕ್ಷಿಸಬೇಕಾದರೆ ವ್ಯಾನಿನ ಅಡಾಪ್ಟರ್ 1ನ್ನು ಹೋಸ್ಟ್-ಓನ್ಲಿಗೆ (ಲ್ಯಾಪ್‌ಟಾಪಿನ ಜೊತೆ ಮಾತ್ರ ಸಂಪರ್ಕ) ಬದಲಿಸಿ, ಏಕೆಂದರೆ ನ್ಯಾಟ್ ಮೋಡಿನಲ್ಲಿ ಹೊರಗಿನಿಂದ ಒಳಗೆ ತಾನಾಗಿ ಏನೂ ಬಾರದು. ಆಗ ವ್ಯಾನಿಗೆ 192.168.56ರ ವಿಳಾಸ ಬರುತ್ತದೆ. ವ್ಯಾನಿನ 8080ಕ್ಕೆ ಬಂದದ್ದನ್ನು 10.10.20.10ರ 80ಕ್ಕೆ ತಿರುಗಿಸಿ. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ತೆರೆದರೆ ಬರುವುದಿಲ್ಲ! ವ್ಯಾನ್ ಇಂಟರ್ಫೇಸಿನಲ್ಲಿ ‘ಖಾಸಗಿ ವಿಳಾಸಗಳನ್ನು ತಡೆ’ ಎಂಬ ಆಯ್ಕೆ ಟಿಕ್ ಆಗಿರುತ್ತದೆ, ನಿಮ್ಮ ಲ್ಯಾಪ್‌ಟಾಪಿನದ್ದು ಖಾಸಗಿ ವಿಳಾಸ. ಲ್ಯಾಬಿನಲ್ಲಿ ಮಾತ್ರ ಅದನ್ನು ತೆಗೆಯಿರಿ. ಜೊತೆಗೆ ಫೈರ್‌ವಾಲ್ ಮೊದಲು ವಿಳಾಸ ಬದಲಿಸುತ್ತದೆ (ನ್ಯಾಟ್), ಆಮೇಲೆ ರೂಲು ನೋಡುತ್ತದೆ (ಫಿಲ್ಟರ್). ಹಾಗಾಗಿ ವ್ಯಾನಿನ ಫಿಲ್ಟರ್ ರೂಲಿನಲ್ಲಿ ಗುರಿಯ ವಿಳಾಸವಾಗಿ ಹಾಕಬೇಕಾದದ್ದು ಒಳಗಿನ 10.10.20.10, ಪೋರ್ಟ್ 80. ವ್ಯಾನಿನ ವಿಳಾಸ ಹಾಕಿದರೆ ಹೊಂದುವುದೇ ಇಲ್ಲ.

ಈ ಸ್ಕ್ಯಾನ್ ಎಲ್ಲವೂ ನಿಮ್ಮ ಲ್ಯಾಬಿನೊಳಗೆ ಮಾತ್ರ. ಹೋಮ್‌ಸ್ಟೇ ವೈಫೈ, ಕಾಲೇಜಿನ ನೆಟ್‌ವರ್ಕು, ಪಕ್ಕದ ಮನೆಯ ರೂಟರ್ ಮೇಲೆ ಕೈ ಹಾಕಬೇಡಿ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಅಡಿ ಬರುತ್ತದೆ, ದುರುದ್ದೇಶ ಸಾಬೀತಾದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಸಿಸಿಎನ್‌ಎ ಕಡೆ ಹೋಗುವವರಿಗೆ ಸ್ವಿಚ್ಚಿನ ಭದ್ರತೆಯೇ ಹೆಚ್ಚು ಕೈಕೊಡುವ ಜಾಗ. ನೆಟ್‌ವರ್ಕನ್ನು ಪರದೆಯ ಮೇಲೇ ಕಟ್ಟಿ ನೋಡುವ ಸಿಸ್ಕೊ ಪ್ಯಾಕೆಟ್ ಟ್ರೇಸರ್ ಪುಕ್ಕಟೆ, ಸಿಸ್ಕೊದ ಕಲಿಕಾ ತಾಣ ನೆಟ್‌ಅಕಾಡ್‌ನಲ್ಲಿ ಖಾತೆ ಇದ್ದರೆ ಸಾಕು. ಪೋರ್ಟ್ ಸೆಕ್ಯುರಿಟಿ (ಸ್ವಿಚ್ಚಿನ ಒಂದು ಕೇಬಲ್ ಕಿಂಡಿಗೆ, ಅಂದರೆ ಪೋರ್ಟಿಗೆ, ಯಾವ ಮ್ಯಾಕ್ ಬರಬಹುದು ಎಂಬ ಮಿತಿ) ಹಾಕಲು ಹೋದಾಗ ‘ಡೈನಾಮಿಕ್ ಪೋರ್ಟ್’ ಎಂದು ಆಜ್ಞೆ ತಿರಸ್ಕೃತವಾದರೆ, ಮೊದಲು ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್ ಕೊಟ್ಟಿಲ್ಲ. ತಪ್ಪು ಮ್ಯಾಕ್ ಬಂದಾಗ ಶಟ್‌ಡೌನ್ ಎಂಬುದು ಮೂಲ ಸ್ಥಿತಿ: ಪೋರ್ಟು ಎರರ್-ಡಿಸೇಬಲ್ಡ್ ಆಗುತ್ತದೆ, ಶಟ್ ಮಾಡಿ ನೋ ಶಟ್ ಕೊಡುವ ತನಕ ಏಳುವುದಿಲ್ಲ. ರಿಸ್ಟ್ರಿಕ್ಟ್ ಪ್ಯಾಕೆಟ್ ಬಿಸಾಡಿ ಲೆಕ್ಕ ಇಡುತ್ತದೆ, ಲಾಗ್ ಕೊಡುತ್ತದೆ. ಪ್ರೊಟೆಕ್ಟ್ ಸದ್ದಿಲ್ಲದೆ ಬಿಸಾಡುತ್ತದೆ. ಈ ಮೂರರ ವ್ಯತ್ಯಾಸ ಕೇಳದೆ ಬಿಡುವ ಪ್ರಶ್ನೆಪತ್ರಿಕೆ ಕಡಿಮೆ ಎಂದೇ ತಿಳಿದು ಓದಿ.

ಡಿಎಚ್‌ಸಿಪಿ ಸ್ನೂಪಿಂಗ್ (ನಕಲಿ ಸರ್ವರ್ ಐಪಿ ವಿಳಾಸ ಹಂಚದಂತೆ ಸ್ವಿಚ್ಚು ಕಾಯುವುದು) ಆನ್ ಮಾಡಿದೊಡನೆ ಎಲ್ಲ ಕಂಪ್ಯೂಟರಿಗೂ 169.254 (ಸರ್ವರಿನಿಂದ ವಿಳಾಸ ಸಿಗದಾಗ ತಾನೇ ಹಾಕಿಕೊಳ್ಳುವುದು) ಬಂದು ಕೂತರೆ ಕಾರಣ ಎರಡರಲ್ಲೊಂದು. ಸ್ನೂಪಿಂಗ್ ಆನ್ ಆದಾಗ ಎಲ್ಲ ಪೋರ್ಟೂ ನಂಬಲಾಗದವು. ಸರ್ವರಿನ ಕಡೆಯ ಅಪ್‌ಲಿಂಕಿಗೆ ಟ್ರಸ್ಟ್ ಕೊಡಬೇಕು. ಅದನ್ನು ಕೊಟ್ಟರೂ ಬರುತ್ತಿಲ್ಲ, ಡಿಎಚ್‌ಸಿಪಿ ಸರ್ವರ್ ಸಿಸ್ಕೊ ರೂಟರೇ ಎಂದಾದರೆ, ಸ್ವಿಚ್ಚು ಆಪ್ಷನ್ 82 (ಕೇಳಿದ್ದು ಯಾವ ಪೋರ್ಟಿನಿಂದ ಎಂಬ ಮಾಹಿತಿ) ಸೇರಿಸಿ ಕಳಿಸಿದ್ದನ್ನು ರೂಟರ್ ತಿರಸ್ಕರಿಸುತ್ತಿದೆ. ಸ್ವಿಚ್ಚಿನಲ್ಲಿ ಆ ಇನ್ಫರ್ಮೇಷನ್ ಆಪ್ಷನ್ನಿಗೆ ‘ನೋ’ ಕೊಟ್ಟರೆ ಸರಿಹೋಗುತ್ತದೆ. ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ (ಐಪಿಗೂ ಮ್ಯಾಕ್‌ಗೂ ಹೊಂದುತ್ತದೆಯೇ ಎಂಬ ತಪಾಸಣೆ) ಇದೇ ಸ್ನೂಪಿಂಗ್ ಪಟ್ಟಿಯನ್ನು ನಂಬಿ ನಡೆಯುತ್ತದೆ. ಆದ್ದರಿಂದ ಕೈಯಾರೆ ಐಪಿ ಕೊಟ್ಟ ಪ್ರಿಂಟರು ಪಟ್ಟಿಯಲ್ಲಿಲ್ಲದೆ ಕಡಿದುಹೋಗುತ್ತದೆ. ಅದಕ್ಕೆ ಎಆರ್‌ಪಿ ಎಸಿಎಲ್ (ಬಿಡಬೇಕಾದವುಗಳ ಪಟ್ಟಿ) ಬರೆಯಬೇಕು.

ವಿಪಿಎನ್ (ಇಂಟರ್ನೆಟ್ಟಿನೊಳಗಿನ ಭದ್ರ ಸುರಂಗ) ವಿಚಾರದಲ್ಲಿ ಇಷ್ಟು ಗಟ್ಟಿ ಮಾಡಿಕೊಳ್ಳಿ: ಐಕೆಇ (ಕೀಲಿಯ ಒಪ್ಪಂದ) ಯುಡಿಪಿ ಪೋರ್ಟ್ 500, ನಡುವೆ ನ್ಯಾಟ್ ಇದ್ದರೆ ಯುಡಿಪಿ 4500. ಇಎಸ್‌ಪಿ (ಗೂಢಲಿಪಿ ಮಾಡುವುದು) 50, ಎಎಚ್ (ಸಹಿ ಮಾತ್ರ ಹಾಕುವುದು) 51. ಈ ಎರಡು ಪೋರ್ಟ್ ಅಲ್ಲ, ಐಪಿ ಪ್ರೊಟೊಕಾಲ್ ಸಂಖ್ಯೆ. ಎಎಚ್ ಐಪಿ ಹೆಡರನ್ನೂ ಸೇರಿಸಿ ಸಹಿ ಹಾಕುತ್ತದೆ, ನ್ಯಾಟ್ ಆ ಹೆಡರನ್ನು ಬದಲಿಸುತ್ತದೆ, ಆದ್ದರಿಂದ ಎರಡಕ್ಕೂ ಹೊಂದಿಕೆಯಾಗದು. ಕಾರಣ ಗೊತ್ತಿದ್ದರೆ ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಆಡಳಿತ ಭಾಗವನ್ನು ತಾಂತ್ರಿಕ ಮನಸ್ಸಿನವರು ಉದಾಸೀನ ಮಾಡುತ್ತಾರೆ, 20% ಅಲ್ಲೇ ಇದೆ. ಅಪಾಯದ ಲೆಕ್ಕ ಸುಲಭ. ಒಂದು ಹೋಮ್‌ಸ್ಟೇಯ ರೂಟರ್, ಸಿಸಿಟಿವಿ ರೆಕಾರ್ಡರ್ ಸೇರಿ ಬೆಲೆ 40,000 ರೂಪಾಯಿ ಎನ್ನಿ. ಸಿಡಿಲು ಹೊಡೆದರೆ ಅರ್ಧ ಹಾಳು, ಅಂದರೆ ಎಕ್ಸ್‌ಪೋಷರ್ ಫ್ಯಾಕ್ಟರ್ 0.5, ಒಂದು ಸಲದ ನಷ್ಟ, ಎಸ್‌ಎಲ್‌ಇ, 20,000. ಎರಡು ವರ್ಷಕ್ಕೊಮ್ಮೆ ಹೊಡೆಯುತ್ತದೆ ಎಂದಾದರೆ ಎಆರ್‌ಒ (ವರ್ಷಕ್ಕೆ ಎಷ್ಟು ಸಲ) 0.5, ವಾರ್ಷಿಕ ನಷ್ಟ ಎಎಲ್‌ಇ 10,000. ವರ್ಷಕ್ಕೆ 3,000 ಬೀಳುವ ಸರ್ಜ್ ರಕ್ಷಣೆ ಲಾಭ, 15,000 ಬೀಳುವುದು ನಷ್ಟ. ಎಆರ್‌ಒ ಒಂದಕ್ಕಿಂತ ಕಡಿಮೆ ಇರಬಹುದು ಎಂಬುದನ್ನೇ ಮರೆತು ಎಡವುವವರು ಬಹಳ.

ಕಾನೂನಿನಲ್ಲಿ ಒಂದು ಎಚ್ಚರ. ನಮ್ಮ ದೇಶದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, 180 ದಿನದ ಲಾಗ್ ಉಳಿಸಿಕೊಳ್ಳಬೇಕು ಎಂದು ವಿಧಿಸಿದೆ. ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ 72 ಗಂಟೆ ಎನ್ನುತ್ತದೆ. ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಕೇಳುವುದು ಎರಡನೆಯದನ್ನು, ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಕೇಳುವುದು ಮೊದಲನೆಯದನ್ನು. ಎರಡೂ ತಿಳಿದಿರಲಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಈ ಪರೀಕ್ಷೆಗಳು ಕನ್ನಡದಲ್ಲಿಲ್ಲ. ವಿಷಯವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಮನೆಯವರಿಗೆ ಹೇಳುವಂತೆ ಬಾಯಿಬಿಟ್ಟು ವಿವರಿಸಿ ನೋಡಿ. ಪ್ರಶ್ನೆ ಓದುವ ಅಭ್ಯಾಸವನ್ನು ಮಾತ್ರ ಇಂಗ್ಲಿಷಿನಲ್ಲಿ, ಗಡಿಯಾರ ಇಟ್ಟುಕೊಂಡು ಮಾಡಿ. ‘ಫಸ್ಟ್’, ‘ಬೆಸ್ಟ್’, ‘ಮೋಸ್ಟ್ ಲೈಕ್ಲಿ’ ಎಂಬ ಒಂದೇ ಪದ ಉತ್ತರವನ್ನು ಬದಲಿಸುತ್ತದೆ. ರ‍್ಯಾನ್‌ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಡಿದ ಯಂತ್ರಕ್ಕೆ ‘ಫಸ್ಟ್’ ಏನು ಮಾಡುತ್ತೀರಿ ಎಂದರೆ ನೆಟ್‌ವರ್ಕಿನಿಂದ ಬೇರ್ಪಡಿಸುವುದು. ಬ್ಯಾಕಪ್ಪಿನಿಂದ ಮರಳಿ ತರುವುದೂ ಸರಿಯಾದ ಕೆಲಸವೇ, ಆದರೆ ಮೊದಲಿನದ್ದಲ್ಲ. ಪವರ್ ಆಫ್ ಮಾಡಿದರೆ ಮೆಮೊರಿಯಲ್ಲಿದ್ದ ಸಾಕ್ಷ್ಯ ಹೋಯಿತು. ಹಳೆಯ ಪ್ರಶ್ನೆಗಳೆಂದು ಮಾರುವ ಡಂಪುಗಳ ಹತ್ತಿರ ಹೋಗಬೇಡಿ. ಅವುಗಳಲ್ಲಿ ಉತ್ತರಗಳೇ ತಪ್ಪಿರುತ್ತವೆ, ಸಿಕ್ಕಿಬಿದ್ದರೆ ಸರ್ಟಿಫಿಕೇಟು ರದ್ದು.

ದಿನಕ್ಕೆ ಎರಡು ಗಂಟೆಯಂತೆ ಸೆಕ್ಯುರಿಟಿ ಪ್ಲಸ್‌ಗೆ ಹತ್ತು ಹನ್ನೆರಡು ವಾರ ಇಟ್ಟುಕೊಳ್ಳಿ, ಅದರಲ್ಲಿ ಅರ್ಧ ಲ್ಯಾಬಿಗೆ. ಕೊಡಗಿನ ವರ್ಷಕ್ಕೆ ಹೊಂದುವ ಲೆಕ್ಕ ಹೀಗೆ: ಜೂನ್‌ನಿಂದ ಸೆಪ್ಟೆಂಬರ್ ಓದಿಗೆ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಸುಗ್ಗಿ ಹಬ್ಬ ಪುತ್ತರಿ ಬರುವ ಮೊದಲಿನ ವಾರಗಳು ಪರೀಕ್ಷೆಗೆ. ಆಗ ಮಳೆ ಹಿಡಿತ ಬಿಟ್ಟಿರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ಜನವರಿಯಿಂದ ರೊಬಸ್ಟಾ ಕೊಯ್ಲು ಶುರುವಾದರೆ ತೋಟ ಇರುವ ಮನೆಯಲ್ಲಿ ಪುಸ್ತಕ ಹಿಡಿಯಲು ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲಕ್ಕೆ ಮುಂಚೆಯೇ ಐಎಸ್‌ಒ ಫೈಲುಗಳು (ಇನ್‌ಸ್ಟಾಲ್ ಮಾಡಲು ಬೇಕಾದವು), ವಿಡಿಯೊಗಳು, ಪಿಡಿಎಫ್ ಎಲ್ಲ ಇಳಿಸಿಟ್ಟುಕೊಳ್ಳಿ.

ಪರೀಕ್ಷೆ ನಡೆಸುವ ಸಂಸ್ಥೆ ಪಿಯರ್ಸನ್ ವ್ಯೂ ಮೂಲಕ ಮನೆಯಿಂದಲೇ ಪರೀಕ್ಷೆ ಬರೆಯಬಹುದು. ಮಳೆಗಾಲದಲ್ಲಿ ಇದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಲೈನಿನ ಮೇಲೆ ಒಂದು ಸಿಲ್ವರ್ ಮರ ಬಿದ್ದರೆ ಕರೆಂಟೂ ಹೋಯಿತು, ಫೈಬರೂ ಹೋಯಿತು. ನಡುವೆ ಸಂಪರ್ಕ ಕಡಿದು ಮರಳಿ ಸೇರಲಾಗದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ಬೇಸಿಗೆಯಲ್ಲಿ ಬರೆದರೂ ರೂಟರಿಗೆ ಮಿನಿ ಯುಪಿಎಸ್ ಇರಲಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟೇಜ್ (ಹೆಚ್ಚಿನವು 12 ವೋಲ್ಟ್) ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಧ್ರುವ ಅದಲುಬದಲಾಗಬಾರದು. ವೈಫೈ ಬಿಟ್ಟು ಕೇಬಲ್ ಬಳಸಿ, ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ, ಕಂಪನಿಯ ಲ್ಯಾಪ್‌ಟಾಪಿನ ವಿಪಿಎನ್ ಅಡ್ಡ ಬರುತ್ತದೆ. ಬಾಗಿಲು ಮುಚ್ಚಿದ ಕೋಣೆ, ಖಾಲಿ ಮೇಜು. ಯಾರಾದರೂ ಒಳಗೆ ಬಂದರೆ, ಪ್ರಶ್ನೆಯನ್ನು ತುಟಿ ಅಲುಗಿಸಿ ಓದಿದರೆ ಮೇಲ್ವಿಚಾರಕರು ಎಚ್ಚರಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಸಿಸ್ಟಂ ಟೆಸ್ಟನ್ನು ಪರೀಕ್ಷೆ ಬರೆಯುವ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಮಾಡಿ.

ಕೇಂದ್ರಕ್ಕೆ ಹೋಗುವವರು ಬುಕ್ ಮಾಡುವಾಗ ಮೈಸೂರು, ಮಂಗಳೂರು, ಬೆಂಗಳೂರು ಮೂರನ್ನೂ ಹುಡುಕಿ ನೋಡಿ. ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಬಸ್ಸು. ಮಂಗಳೂರು ದಾರಿಯ ಸಂಪಾಜೆ ಘಾಟಿಯಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಎಲ್ಲರಿಗೂ ಗೊತ್ತು, ಹಾಗಾಗಿ ಮಳೆಯಲ್ಲಿ ಮಂಗಳೂರು ಬೇಡ. ಬೆಳಗಿನ ಸ್ಲಾಟ್ ಆದರೆ ಹಿಂದಿನ ದಿನವೇ ಹೋಗಿ ಉಳಿಯುವುದು ಲೇಸು.

ಹೆಸರಿನ ವಿಷಯ ನಮ್ಮವರನ್ನೇ ಹೆಚ್ಚು ಕಾಡುತ್ತದೆ. ಕೊಡವ ಹೆಸರಿನಲ್ಲಿ ಮನೆಹೆಸರು ಮೊದಲು: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಅಂದರೆ ಮನೆಹೆಸರು, ತಂದೆಯ ಹೆಸರು, ತಮ್ಮ ಹೆಸರು. ಒಂದು ದಾಖಲೆಯಲ್ಲಿ ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್, ಮತ್ತೊಂದರಲ್ಲಿ ಮನೆಹೆಸರು ಕೊನೆಗೆ ಇರುವುದು ಮಾಮೂಲು. ಪರೀಕ್ಷೆಯ ದಿನ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವಂತೆಯೇ ಖಾತೆಯಲ್ಲಿ ಹೆಸರಿರಬೇಕು. ಪಾಸ್‌ಪೋರ್ಟ್ ಇದ್ದರೆ ಅದೇ ವಾಸಿ, ಅದರಲ್ಲಿ ಸರ್‌ನೇಮ್ ಬೇರೆಯೇ ಸಾಲಿನಲ್ಲಿರುತ್ತದೆ. ತಪ್ಪಿದ್ದರೆ ತಿದ್ದಲು ದಿನಗಳು ಬೇಕು, ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಪರದೆಯ ಮುಂದೆ ಕೂತ ಮೇಲೆ, ಕಾಂಪ್‌ಟಿಯಾದಲ್ಲಿ ಕೈಯಾರೆ ಮಾಡುವ ಪಿಬಿಕ್ಯೂಗಳು ಸಾಮಾನ್ಯವಾಗಿ ಮೊದಲಿಗೇ ಬರುತ್ತವೆ. ಗುರುತು ಹಾಕಿ ಮುಂದೆ ಹೋಗಿ. ಆಯ್ಕೆಯ ಪ್ರಶ್ನೆಗಳನ್ನು ಒಂದು ಗಂಟೆಯೊಳಗೆ ಮುಗಿಸಿ ಹಿಂದಿರುಗಿ. ತಪ್ಪಿಗೆ ಅಂಕ ಕಡಿತ ಇಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಸಿಸ್ಕೊದಲ್ಲಿ ಹಿಂದೆ ಹೋಗುವ ಅವಕಾಶವೇ ಇಲ್ಲ, ಅಲ್ಲಿ ಲ್ಯಾಬ್ ಬಂದರೆ ಆಗಲೇ ಮಾಡಬೇಕು. ಕಾನ್ಫಿಗ್ ಸೇವ್ ಮಾಡಲು ಹೇಳಿದ್ದರೆ ಮರೆಯಬೇಡಿ. ಫೇಲಾದರೆ ಸಿಸ್ಕೊಗೆ ಐದು ದಿನ ಕಾಯಬೇಕು. ಕಾಂಪ್‌ಟಿಯಾದಲ್ಲಿ ಎರಡನೆಯ ಪ್ರಯತ್ನಕ್ಕೆ ಕಾಯಬೇಕಿಲ್ಲ, ಮೂರನೆಯದಕ್ಕೆ 14 ದಿನ. ಎರಡಕ್ಕೂ ಪ್ರತಿ ಸಲ ಪೂರ್ತಿ ಶುಲ್ಕ. ಕಾಂಪ್‌ಟಿಯಾದ ಸ್ಕೋರ್ ರಿಪೋರ್ಟಿನಲ್ಲಿ ಎಲ್ಲಿ ತಪ್ಪಾಯಿತು ಎಂಬ ವಿಷಯಗಳ ಪಟ್ಟಿ ಇರುತ್ತದೆ. ಮೊದಲು ಗುರುತು ಹಾಕಿಟ್ಟ ಆಬ್ಜೆಕ್ಟಿವ್ಸ್ ಹಾಳೆಯ ಪಕ್ಕ ಅದನ್ನಿಟ್ಟು, ‘ಓದಿದ್ದೇನೆ’ ಎಂದಷ್ಟೇ ಬರೆದ ಸಾಲುಗಳನ್ನು ಲ್ಯಾಬಿನಲ್ಲಿ ಮಾಡಿ ಮುಗಿಸಿ, ಆಮೇಲೆ ಮುಂದಿನ ತಾರೀಕು ಹಾಕಿ.